ಮೆಡಿಕಲ್ ಶಾಪ್ ಇಡದ ಫಾರ್ಮಸಿಸ್ಟು, ಸಮುದ್ರದ ಪಕ್ಕದ ಅವನ ಕಾಟೇಜು

ಫೈಜರ್ ಅಂದ್ರೆ ನಮಗೆಲ್ಲ ಕಂಪನಿ ಹೆಸರು ಅಷ್ಟೇ, ಕೋವಿಡ್ ಟೈಮಲ್ಲಿ ದಿನಾ ನ್ಯೂಸಲ್ಲಿ ಕೇಳಿ ಕೇಳಿ ಅದೊಂದು ಮನೆತನದ ಹೆಸರು ಅನ್ನೋದೇ ತಲೆಗೆ ಹೋಗಲ್ಲ. ಚಾರ್ಲ್ಸ್ ಫೈಜರ್ ಅಂತ ಒಬ್ಬ ಮನುಷ್ಯ ಇದ್ದ. 1824ರ ಮಾರ್ಚ್ 22ಕ್ಕೆ ಜರ್ಮನಿಯ ವುರ್ಟೆಂಬರ್ಗ್ ಸಂಸ್ಥಾನದ ಲುಡ್ವಿಗ್ಸ್‌ಬರ್ಗ್‌ನಲ್ಲಿ ಹುಟ್ಟಿದವನು, ಹುಡುಗ ಆಗಿದ್ದಾಗ್ಲೇ ಔಷಧಿ ತಯಾರಿಸೋರ ಕೈಕೆಳಗೆ ಕೆಲಸ ಕಲ್ತವನು, ಸತ್ತಿದ್ದು 1906ರ ಅಕ್ಟೋಬರ್ 19ಕ್ಕೆ ಅಮೆರಿಕದ ನ್ಯೂಪೋರ್ಟ್ ಅನ್ನೋ ಸಮುದ್ರದ ಊರಲ್ಲಿ, ಲಿಂಡ್‌ಗೇಟ್ ಅಂತ ಹೆಸರಿಟ್ಟಿದ್ದ ತನ್ನ ಬೇಸಿಗೆ ಮನೇಲಿ.

ಇದರಲ್ಲೇನಪ್ಪಾ ವಿಶೇಷ, ದುಡ್ಡು ಮಾಡಿದ, ಮನೆ ಮಾಡ್ಕೊಂಡ ಅಂತೀರಾ. ತಮಾಷೆ ಇರೋದು ಆ ಊರಲ್ಲಿ. ಆಗಿನ ಕಾಲಕ್ಕೆ ನ್ಯೂಪೋರ್ಟ್ ಅಂದ್ರೆ ರೈಲ್ವೆ ದುಡ್ಡು, ಕಲ್ಲಿದ್ದಲಿನ ದುಡ್ಡು, ಚೀನಾ ವ್ಯಾಪಾರದ ದುಡ್ಡು ಬಂದು ಗಾಳಿಗೆ ಕೂರೋ ಜಾಗ. ಪುಡಿ ಅರೆದು ಪೊಟ್ಟಣ ಕಟ್ಟೋ ಕಸುಬಿನವನು ಅಲ್ಲಿ ಮನೆ ಮಾಡೋ ಮಟ್ಟಕ್ಕೆ ಹೋಗಿದ್ದು ಹೇಗೆ ಅನ್ನೋದೇ ಈ ಕೇಸು. ನನ್ನ ಲೆಕ್ಕ ಮೊದ್ಲೇ ಹೇಳಿಬಿಡ್ತೀನಿ: ಈತ ಅಮೆರಿಕಕ್ಕೆ ಬಂದು ಎಲ್ಲರ ಹಾಗೆ ಮೆಡಿಕಲ್ ಶಾಪ್ ಹಾಕಿದ್ದಿದ್ರೆ ಆ ಮನೆ ಕನಸಲ್ಲೂ ಸಿಗ್ತಿರ್ಲಿಲ್ಲ.

ಮೊದ್ಲು ಊರಿನ ಕಥೆ. ನ್ಯೂಪೋರ್ಟ್ ಇರೋದು ರೋಡ್ ಐಲೆಂಡ್ ರಾಜ್ಯದ ಅಕ್ವಿಡ್ನೆಕ್ ದ್ವೀಪದ ತುದೀಲಿ. ಅಲ್ಲಿಗೆ ಬೇಸಿಗೆ ಕಳಿಯೋಕೆ ಮೊದಮೊದ್ಲು ಬರ್ತಿದ್ದವರು ದಕ್ಷಿಣದ ತೋಟದ ಧಣಿಗಳು, ಗುಲಾಮರನ್ನ ದುಡಿಸ್ಕೊಂಡು ಬದುಕ್ತಿದ್ದ ಜನ, ಜಾರ್ಜಿಯಾ ಸೌತ್ ಕೆರೊಲಿನಾ ಕಡೆಯ ಸೆಖೆ ಮತ್ತು ಜ್ವರದಿಂದ ತಪ್ಪಿಸ್ಕೊಳ್ಳೋಕೆ ಹಡಗು ಹತ್ತಿ ಬರ್ತಿದ್ರು. ಅವರಲ್ಲೊಬ್ಬ ಜಾರ್ಜ್ ನೋಬಲ್ ಜೋನ್ಸ್, 1839ರಲ್ಲಿ ರಿಚರ್ಡ್ ಅಪ್‌ಜಾನ್ ಅನ್ನೋ ಆರ್ಕಿಟೆಕ್ಟ್ ಕೈಲಿ ಗಾಥಿಕ್ ಶೈಲೀಲಿ ಮರದ ಮನೆ ಕಟ್ಟಿಸೋಕೆ ಶುರು ಮಾಡಿದ, ಈಗ ಅದನ್ನ ಕಿಂಗ್ಸ್‌ಕೋಟ್ ಅಂತಾರೆ. ನ್ಯೂಪೋರ್ಟಲ್ಲಿ ಬೇಸಿಗೆ ಮನೆ ಎಷ್ಟೇ ದೊಡ್ಡದಿದ್ರೂ ಕಾಟೇಜ್ ಅಂತಾನೇ ಕರೆಯೋದು, ಆ ಮಾತು ಸ್ವಲ್ಪನಾದ್ರೂ ಒಪ್ಪೋದು ಇಂಥ ಮನೆಗಳಿಗೆ. ಆಮೇಲೆ ಆಲ್ಫ್ರೆಡ್ ಸ್ಮಿತ್ ಅಂತ ಒಬ್ಬ ಟೈಲರ್ (ಹೌದು, ಬಟ್ಟೆ ಹೊಲಿಯೋನೇ) ಕತ್ತರಿ ಕೆಳಗಿಟ್ಟು ರಿಯಲ್ ಎಸ್ಟೇಟಿಗೆ ಇಳಿದ, 1850ರ ದಶಕದಲ್ಲಿ ಬೆಲ್‌ವ್ಯೂ ಅವೆನ್ಯೂನ ಸಮುದ್ರದ ಕಡೆಗೆ ಎಳೆದು ಅಕ್ಕಪಕ್ಕ ಸೈಟ್ ಮಾಡಿ ಮಾರಿದ. ಅಲ್ಲಿಂದ ಮುಂದೆ ಕಾಟೇಜ್‌ಗಳು ಬೆಳೀತಾ ಹೋದ್ವು ನೋಡಿ. 1892ರಲ್ಲಿ ಮುಗಿದ ಮಾರ್ಬಲ್ ಹೌಸ್‌ಗೆ 1 ಕೋಟಿ 10 ಲಕ್ಷ ಡಾಲರ್ ಆಯ್ತು, ಅದರಲ್ಲಿ 70 ಲಕ್ಷ ಬರೀ ಅಮೃತಶಿಲೆಗೆ. 1895ರ ಬ್ರೇಕರ್ಸ್‌ನಲ್ಲಿ 70 ರೂಮು, ಬಾತ್‌ರೂಮಲ್ಲಿ ಸಿಹಿ ನೀರಿಗೆ ಬಿಸಿ ತಣ್ಣಗೆ, ಸಮುದ್ರದ ಉಪ್ಪು ನೀರಿಗೆ ಇನ್ನೊಂದು ಬಿಸಿ ತಣ್ಣಗೆ. ಇದಕ್ಕೂ ಹೆಸರು ಕಾಟೇಜೇ. ನಮ್ಮಲ್ಲಿ ಮೂರಂತಸ್ತಿನ ಮನೆ ಕಟ್ಟಿಸ್ಕೊಂಡು "ಒಂದ್ಸಲ ಬಡವರ ಮನೆಗೆ ಬನ್ನಿ" ಅಂತ ಕರೀತಾರಲ್ಲ, ಬಂಗಲೆ ಗೇಟಿಗೆ ಪರ್ಣಕುಟಿ ಅಂತ ಬೋರ್ಡ್ ಹಾಕ್ತಾರಲ್ಲ, ಥೇಟ್ ಅದೇ ವರಸೆ.

ಇಷ್ಟೆಲ್ಲ ಮಾಡಿ ಇರ್ತಿದ್ದಿದ್ದು ವರ್ಷಕ್ಕೆ ಆರರಿಂದ ಎಂಟು ವಾರ. ಹೆಂಗಸರು ಮಕ್ಕಳು ಅಲ್ಲೇ, ಗಂಡಸರು ನ್ಯೂಯಾರ್ಕಲ್ಲಿ ಆಫೀಸು ನೋಡ್ಕೊಂಡು ವಾರಾಂತ್ಯಕ್ಕೆ ಬರೋದು. ನ್ಯೂಯಾರ್ಕಿಂದ ಫಾಲ್ ರಿವರ್ ಲೈನ್ ಅಂತ ಸ್ಟೀಮರ್ ಇತ್ತು, ಸಂಜೆ ಹತ್ತಿ ಮಲಗಿದ್ರೆ ರಾತ್ರಿ ಕಳಿಯೋದ್ರೊಳಗೆ ನ್ಯೂಪೋರ್ಟು. ನಮ್ಮ ಸ್ಲೀಪರ್ ಬಸ್ಸಿನ ಹಾಗೆ, ಇನ್ನೂ ಸ್ವಲ್ಪ ಠೀವಿಯಾಗಿ.

ಊರು ಬಿಟ್ಟು ಓಡೋದಕ್ಕೆ ಶೋಕಿ ಒಂದೇ ಕಾರಣ ಅಲ್ಲ ಅನ್ನೋದನ್ನೂ ಹೇಳ್ಬೇಕು. ಫೈಜರ್ ಕಂಪನಿ ಶುರುವಾದ 1849ನೇ ಇಸವೀಲೇ ನ್ಯೂಯಾರ್ಕಿಗೆ ಕಾಲರಾ ಬಂದು ಸುಮಾರು 5,000 ಜನ ಸತ್ತರು. ಬೇಸಿಗೆ ಅಂದ್ರೆ ಭೇದಿ, ಕೊಳೆತ ನೀರು, ಕುದುರೆ ಲದ್ದಿ, ಒಂದಾದ ಮೇಲೊಂದು ಜ್ವರ. ಕೈಯಲ್ಲಿ ಕಾಸಿದ್ದವರು ಊರು ಬಿಡ್ತಿದ್ರು, ಇಲ್ಲದವರು ಇದ್ದಲ್ಲೇ ಇರ್ತಿದ್ರು. ಸಮುದ್ರದ ಗಾಳಿ, ಉಪ್ಪು ನೀರಿನ ಸ್ನಾನ ಔಷಧಿ ಅಂತ ಡಾಕ್ಟರ್‌ಗಳೇ ಬರೆದುಕೊಡೋದು ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ರಿಚರ್ಡ್ ರಸೆಲ್ ಕಾಲದಿಂದ ನಡ್ಕೊಂಡು ಬಂದಿತ್ತು, ಆತ ಸಮುದ್ರದ ನೀರನ್ನ ಕುಡಿಯೋಕೂ ಹೇಳ್ತಿದ್ದ. ಔಷಧಿ ಮಾರಿ ದುಡಿದ ದುಡ್ಡಲ್ಲಿ ಗಾಳಿ ಸೇವಿಸೋಕೆ ಹೋಗೋದು ಒಂಥರಾ ಅನ್ನಿಸಬಹುದು, ಆದ್ರೆ ಫೈಜರ್ ಮಾರ್ತಿದ್ದ ಅಯೋಡಿನ್ ಕೂಡ ಮೊದಲು ಸಿಕ್ಕಿದ್ದು ಸಮುದ್ರದಲ್ಲೇ ಅಲ್ವಾ, 1811ರಲ್ಲಿ ಫ್ರಾನ್ಸಿನ ಕೂರ್ಟ್ವಾ ಅನ್ನೋನಿಗೆ ಕಡಲಕಳೆ ಸುಟ್ಟ ಬೂದೀಲಿ.

ಈಗ ಮನುಷ್ಯನ ವಿಷಯ. 1848ರಲ್ಲಿ ಜರ್ಮನಿ ಪೂರ್ತಿ ಕ್ರಾಂತಿ ಗಲಾಟೆ. ಆ ವರ್ಷವೇ ಫೈಜರ್ ತನ್ನ ಕಸಿನ್ ಚಾರ್ಲ್ಸ್ ಎರ್ಹಾರ್ಟ್ ಜೊತೆ ಹಡಗು ಹತ್ತಿದ. ಎರ್ಹಾರ್ಟ್ ಕಸುಬು ಮಿಠಾಯಿ ಮಾಡೋದು. ಮರುವರ್ಷ ಫೈಜರ್ ಅಪ್ಪ ಕೊಟ್ಟ 2,500 ಡಾಲರ್ ಸಾಲದಲ್ಲಿ ಬ್ರೂಕ್ಲಿನ್ ಕಡೆಯ ವಿಲಿಯಮ್ಸ್‌ಬರ್ಗ್‌ನ ಬಾರ್ಟ್ಲೆಟ್ ಸ್ಟ್ರೀಟಲ್ಲಿ ಒಂದು ಇಟ್ಟಿಗೆ ಕಟ್ಟಡ ಹಿಡಿದು ಚಾರ್ಲ್ಸ್ ಫೈಜರ್ ಅಂಡ್ ಕಂಪನಿ ಅಂತ ಬೋರ್ಡ್ ಹಾಕಿದ್ರು. ಅಕ್ಕಪಕ್ಕ ಎಲ್ಲ ಜರ್ಮನಿಯಿಂದ ಬಂದವರೇ, ಭಾಷೆ ತೊಂದರೆ ಇಲ್ಲ.

ಇಲ್ಲೇ ಒಂದು ತಿರುವು ಇದೆ, ಯಾರೂ ಅಷ್ಟಾಗಿ ಗಮನಿಸಲ್ಲ. ಆ ಕಾಲದ ಔಷಧಿ ಅಂಗಡಿ ಹೇಗಿತ್ತು ನೆನಪಿಸ್ಕೊಳ್ಳಿ. ಡಾಕ್ಟರ್ ಚೀಟಿ ಬರುತ್ತೆ, ಅಂಗಡಿಯವನು ಕಲ್ಲಲ್ಲಿ ಅರೀತಾನೆ, ತಕ್ಕಡೀಲಿ ತೂಗ್ತಾನೆ, ಉಂಡೆ ಕಟ್ತಾನೆ, ಒಂದೊಂದು ಗಿರಾಕಿಗೂ ಹೊಸದಾಗಿ. ಎಷ್ಟೇ ಹೆಸರು ಮಾಡಿದ್ರೂ ದಿನಕ್ಕೆ ಎರಡು ಕೈ ಎಷ್ಟು ಅರೀಬಹುದೋ ಅಷ್ಟೇ ದುಡಿಮೆ. ಹತ್ತಿರದ ಬೀದಿಯವರು ಬಿಟ್ರೆ ಬೇರೆ ಗಿರಾಕಿ ಇಲ್ಲ. ಫೈಜರ್ ಕಲ್ತಿದ್ದು ಇದೇ ಕೆಲಸ, ಆದ್ರೆ ಮಾಡೋಕೆ ಹೊರಟಿದ್ದು ಇದನ್ನಲ್ಲ. ಅಮೆರಿಕದ ಅಂಗಡಿಯವರೆಲ್ಲ ಅರೆಯೋಕೆ ಬೇಕಾದ ಸಾಮಾನನ್ನ, ಅಂದ್ರೆ ಶುದ್ಧವಾದ ಕೆಮಿಕಲ್‌ಗಳನ್ನ, ಯುರೋಪಿಂದ ಆಮದು ಮಾಡ್ಕೊಳ್ತಿದ್ರು. ಅದನ್ನ ಇಲ್ಲೇ ಮಾಡಿ ಆ ಅಂಗಡಿಯವರಿಗೇ ಮಾರೋಣ ಅಂತ ಇವನ ಲೆಕ್ಕ. ಹೋಟೆಲ್ ಇಡೋ ಬದಲು ಊರಿನ ಹೋಟೆಲಿಗೆಲ್ಲ ದೋಸೆ ಹಿಟ್ಟು ಸಪ್ಲೈ ಮಾಡಿದ ಹಾಗೆ ಅನ್ಕೊಳ್ಳಿ.

ಮೊದಲ ಸರಕು ಸ್ಯಾಂಟೋನಿನ್. ಹೊಟ್ಟೇಲಿ ಜಂತುಹುಳ ಆದ್ರೆ ಕೊಡೋ ಔಷಧಿ, ಒಂದು ಜಾತಿ ಮಾಚಿಪತ್ರೆ ಕುಲದ ಗಿಡದ ಅರಳದ ಮೊಗ್ಗಿಂದ ತೆಗೆಯೋದು. ಆಗ ಜಂತುಹುಳ ಇಲ್ಲದ ಮನೆ ಕಮ್ಮಿ, ದೊಡ್ಡವರು ಮಕ್ಕಳು ಅಂತ ಭೇದ ಇಲ್ಲ. ಔಷಧಿ ಕೆಲಸ ಮಾಡ್ತಿತ್ತು, ಹುಳ ಲಕ್ವಾ ಹೊಡೆದ ಹಾಗೆ ಸುಮ್ಮನಾಗ್ತಿತ್ತು, ಆಮೇಲೆ ಭೇದಿಗೆ ಕೊಟ್ಟು ಹೊರಗೆ ಹಾಕೋದು. ತೊಂದರೆ ಒಂದೇ, ವಿಪರೀತ ಕಹಿ, ಬಾಯಿಗಿಟ್ರೆ ಮಗು ಉಗೀತಿತ್ತು. ಆಗ ಎರ್ಹಾರ್ಟ್ ತನ್ನ ವಿದ್ಯೆ ತೋರಿಸಿದ, ಬಾದಾಮಿ ಟಾಫಿ ರುಚಿ ಬೆರೆಸಿ, ಪುಟ್ಟ ಗೋಪುರದ ಆಕಾರದ ಮಿಠಾಯಿ ಮಾಡಿಕೊಟ್ಟ. ಹಿಟ್ ಆಯ್ತು. ಈ ಔಷಧಿಗೆ ಇನ್ನೊಂದು ಗುಣ ಇತ್ತು, ಸ್ವಲ್ಪ ಡೋಸ್ ಜಾಸ್ತಿ ಆದ್ರೆ ಕಣ್ಣಿಗೆ ಎಲ್ಲ ಹಳದಿ ಹಳದಿಯಾಗಿ ಕಾಣೋದು, ಬಿಳಿ ಗೋಡೆನೂ ಅರಿಶಿನ ಬಳಿದ ಹಾಗೆ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತೀವಲ್ಲ, ಇಲ್ಲಿ ಕಾಮಾಲೆ ಇಲ್ಲದೇನೇ ಹಳದಿ. ಮಿಠಾಯಿ ರುಚಿಯಾಗಿದೆ ಅಂತ ಡಬ್ಬಿ ಕದ್ದು ತಿಂದ ಮಕ್ಕಳ ಗತಿ ಏನಾಗಿರಬೇಡ ಅಂತ ನಂಗೆ ಇದನ್ನ ಓದಿದಾಗೆಲ್ಲ ಅನ್ನಿಸುತ್ತೆ.

ಎರ್ಹಾರ್ಟ್ 1856ರಲ್ಲಿ ಫೈಜರ್ ತಂಗಿ ಫ್ಯಾನಿಯನ್ನ ಮದುವೆ ಆದ, ಅಲ್ಲಿಗೆ ಪಾರ್ಟ್‌ನರ್ ಕಸಿನ್ ಎರಡೂ ಆಗಿದ್ದವನು ಭಾವಾನೂ ಆದ. ಫೈಜರ್ ಊರಿಗೆ ಹೋಗಿ 1859ರಲ್ಲಿ ಲುಡ್ವಿಗ್ಸ್‌ಬರ್ಗ್‌ನಲ್ಲೇ ಅನಾ ಹಾಷ್ ಅನ್ನೋಳನ್ನ ಮದುವೆಯಾಗಿ ಕರ್ಕೊಂಡು ಬಂದ. ಎನ್ನಾರೈ ಹುಡುಗರು ರಜೆಗೆ ಬಂದು ಮದುವೆ ಮಾಡ್ಕೊಂಡು ಹೋಗೋ ಸೀನು ಹೊಸದೇನಲ್ಲ.

ಮಿಠಾಯಿಂದ ಹೆಸರು ಬಂತು, ದುಡ್ಡು ಬಂದಿದ್ದು ಹುಳಿಯಿಂದ. ವೈನ್ ಪೀಪಾಯಿ ಖಾಲಿ ಮಾಡಿದ್ರೆ ಒಳಗೋಡೆಗೆ ಕರೆಗಟ್ಟಿದ ಹಾಗೆ ಹರಳು ಅಂಟ್ಕೊಂಡಿರುತ್ತೆ. ಅದನ್ನ ಕೆರೆದು ತಂದು, ಬಿಸಿನೀರಲ್ಲಿ ಕರಗಿಸಿ, ಸೋಸಿ, ಆರೋಕೆ ಬಿಟ್ರೆ ಬೆಳ್ಳಗಿನ ಹರಳಾಗಿ ಕೂರುತ್ತೆ, ಅದೇ ಕ್ರೀಮ್ ಆಫ್ ಟಾರ್ಟರ್. ಅದರಿಂದಲೇ ಟಾರ್ಟಾರಿಕ್ ಆಸಿಡ್. ಬೇಕಿಂಗ್ ಪೌಡರಿಗೆ ಬೇಕು, ಭೇದಿ ಔಷಧಿಗೆ ಬೇಕು, ಬುರುಬುರು ಅನ್ನೋ ಪುಡಿಗಳಿಗೆ ಬೇಕು. ವೈನ್ ಮಾಡೋ ದೇಶಗಳಿಂದ ಕಚ್ಚಾ ಮಾಲು ತರಿಸಿ 1862ರಿಂದ ಫೈಜರ್ ಇದನ್ನ ಬ್ರೂಕ್ಲಿನ್‌ನಲ್ಲೇ ಮಾಡೋಕೆ ಶುರು ಮಾಡಿದ. ಟೈಮಿಂಗ್ ನೋಡಿ, 1861ಕ್ಕೆ ಅಮೆರಿಕದ ಅಂತರ್ಯುದ್ಧ ಶುರು, ಅದೇ ವರ್ಷ ಮೊರಿಲ್ ಕಾಯ್ದೆ ತಂದು ಆಮದು ಸುಂಕ ಏರಿಸಿದ್ರು. ಸೈನ್ಯಕ್ಕೆ ಅಯೋಡಿನ್, ಮಾರ್ಫಿನ್, ಕ್ಲೋರೋಫಾರ್ಮ್, ಕರ್ಪೂರ, ಪಾದರಸದ ಔಷಧಿ ಎಲ್ಲ ಮೂಟೆಗಟ್ಟಲೆ ಬೇಕಾಯ್ತು. ಗಾಯಾಳು ಎಷ್ಟು ಜಾಸ್ತಿಯೋ ಆರ್ಡರ್ ಅಷ್ಟು ಜಾಸ್ತಿ, ಇದನ್ನ ಮುಚ್ಚಿಟ್ಟು ಹೇಳೋದ್ರಲ್ಲಿ ಅರ್ಥ ಇಲ್ಲ. ಯುದ್ಧ ಮುಗಿದ ಮೇಲೆ 1868ರಲ್ಲಿ ಮ್ಯಾನ್ಹಟನ್‌ನ 81 ಮೇಡನ್ ಲೇನಲ್ಲಿ ಆಫೀಸು ಹಾಕಿದ್ರು, ಔಷಧಿ ಸಗಟು ವ್ಯಾಪಾರಿಗಳ ಏರಿಯಾ ಅದು.

1880ಕ್ಕೆ ಸಿಟ್ರಿಕ್ ಆಸಿಡ್. ನಮ್ಮ ಕಿರಾಣಿ ಅಂಗಡೀಲಿ ನಿಂಬೆ ಉಪ್ಪು ಅಂತ ಕೇಳಿದ್ರೆ ಬಿಳಿ ಹರಳು ಪೊಟ್ಟಣ ಕೊಡ್ತಾರಲ್ಲ, ಅದೇ. ಈಗ ಅದು ಸಕ್ಕರೆ ಅಂಶವನ್ನ ಬೂಷ್ಟಿನ ಕೈಲಿ ಹುಳಿ ಹಿಡಿಸಿ ಬರುತ್ತೆ, ಆಗ ನಿಜವಾದ ನಿಂಬೆಹಣ್ಣೇ ಗತಿ. ಇಟಲೀಲಿ ನಿಂಬೆ ರಸ ಹಿಂಡಿ ಅದಕ್ಕೆ ಸುಣ್ಣದ ಪುಡಿ ಹಾಕಿದ್ರೆ ಹುಳಿಯೆಲ್ಲ ಸುಣ್ಣ ಹಿಡ್ಕೊಂಡು ಬಿಳಿ ಗಸಿಯಾಗಿ ತಳ ಸೇರುತ್ತೆ, ಆ ಗಸಿ ಒಣಗಿಸಿ ಹಡಗಿಗೆ ಹಾಕಿದ್ರೆ ಕೆಡಲ್ಲ, ಬ್ರೂಕ್ಲಿನ್‌ಗೆ ಬಂದ ಮೇಲೆ ಗಂಧಕಾಮ್ಲ ಹಾಕಿದ್ರೆ ಸುಣ್ಣ ಜಿಪ್ಸಮ್ ಆಗಿ ಕೆಳಗೆ ಕೂರುತ್ತೆ, ಮೇಲಿನ ತಿಳಿ ಬಸಿದು ಬತ್ತಿಸಿದ್ರೆ ಹರಳು. ಇಷ್ಟೇ. ಇದರಲ್ಲಿ ರೋಗಿ ಎಲ್ಲೂ ಇಲ್ಲ, ಗಮನಿಸಿದ್ರಾ. ಫಾರ್ಮಸಿಸ್ಟ್ ಅನ್ನೋ ಪದ ಇವನ ಮೇಲಿಂದ ನಿಧಾನಕ್ಕೆ ಕಳಚಿ ಬೀಳ್ತಾ ಬಂದಿದ್ದು ಇಲ್ಲೇ.

ಅದೇ ಟೈಮಲ್ಲಿ ನಿಜವಾಗಿ ಅಂಗಡಿ ಇಟ್ಕೊಂಡಿದ್ದ ಫಾರ್ಮಸಿಸ್ಟ್‌ಗಳು ಏನ್ಮಾಡ್ತಿದ್ರು? ಟೆಕ್ಸಾಸಿನ ವೇಕೋ ಊರಿನ ಒಂದು ಡ್ರಗ್ ಸ್ಟೋರಲ್ಲಿ ಚಾರ್ಲ್ಸ್ ಆಲ್ಡರ್ಟನ್ 1885ರಲ್ಲಿ ಡಾಕ್ಟರ್ ಪೆಪ್ಪರ್ ಕಂಡುಹಿಡಿದ. ಅಟ್ಲಾಂಟಾದಲ್ಲಿ ಜಾನ್ ಪೆಂಬರ್ಟನ್ 1886ರಲ್ಲಿ ಕೋಕಾ ಕೋಲಾ ಮಾಡಿದ, ಅದರ ಹಕ್ಕನ್ನ ತುಂಡು ತುಂಡಾಗಿ ಮಾರ್ಕೊಂಡು 1888ರಲ್ಲಿ ಕಾಸಿಲ್ಲದೆ ಸತ್ತ. ಅವನ ಪಾನಕಕ್ಕೂ ಸಿಟ್ರಿಕ್ ಆಸಿಡ್ ಬೀಳ್ತಿತ್ತು. ಸೋಡಾ ಪಾನಕಗಳ ಹುಚ್ಚು ಏರಿದ ಹಾಗೆಲ್ಲ ನಿಂಬೆ ಉಪ್ಪಿನ ಬೇಡಿಕೆನೂ ಏರಿ ಅದೇ ಫೈಜರ್ ಕಂಪನಿಯ ಮುಖ್ಯ ಸರಕಾಯ್ತು. ಯಾರ ಪಾನಕ ಗೆದ್ರೂ ಸೋತ್ರೂ ಹುಳಿ ಮಾರೋನಿಗೆ ಚಿಂತೆ ಇಲ್ಲ. ಪೆಂಬರ್ಟನ್ ಫೈಜರ್ ಇಬ್ಬರ ಕೈಯಲ್ಲೂ ಇದ್ದಿದ್ದು ಒಂದೇ ವಿದ್ಯೆ, ಒಬ್ಬನಿಗೆ ಸಾಲ ಉಳೀತು, ಇನ್ನೊಬ್ಬನಿಗೆ ನ್ಯೂಪೋರ್ಟ್.

ಈ ಕೇಸಲ್ಲಿ ನಂಗೆ ಹೆಚ್ಚು ಇಂಟರೆಸ್ಟ್ ಹುಟ್ಟಿಸಿದ್ದು ಪಾರ್ಟ್‌ನರ್‌ಶಿಪ್ ಪತ್ರ. ಇಬ್ಬರಲ್ಲಿ ಒಬ್ಬ ಸತ್ರೆ ಉಳಿದವನು ಸತ್ತವನ ಪಾಲನ್ನ, ಸ್ಟಾಕಿನ ಬೆಲೆ ಎಷ್ಟು ಬರುತ್ತೋ ಅದರ ಅರ್ಧಕ್ಕೆ ತಗೋಬಹುದು ಅಂತ ಅದರಲ್ಲಿ ಬರೆದಿತ್ತು. ಗುಡ್‌ವಿಲ್ ಇಲ್ಲ, ಹೆಸರಿಗೆ ಬೆಲೆ ಇಲ್ಲ, ಮುಂದೆ ಬರೋ ಲಾಭಕ್ಕೆ ಬೆಲೆ ಇಲ್ಲ, ಗೋಡೌನಲ್ಲಿ ಇರೋ ಸರಕು ಲೆಕ್ಕ ಹಾಕಿ ಅರ್ಧ. ಬರೆಯೋವಾಗ ಇಬ್ಬರಿಗೂ ಸಮ, ಯಾಕಂದ್ರೆ ಯಾರು ಮೊದ್ಲು ಹೋಗ್ತಾರೆ ಅಂತ ಯಾರಿಗೆ ಗೊತ್ತು. ಎರ್ಹಾರ್ಟ್ 1891ರ ಕೊನೇಲಿ ತೀರ್ಕೊಂಡ. ಫೈಜರ್ ತಡ ಮಾಡ್ಲಿಲ್ಲ, 1,19,350 ಡಾಲರ್ ಕೊಟ್ಟು ಅರ್ಧ ಕಂಪನಿ ತನ್ನ ಹೆಸರಿಗೆ ಮಾಡ್ಕೊಂಡ. ನಲವತ್ತೆರಡು ವರ್ಷದ ಜೋಡಿ ದುಡಿಮೆಗೆ ಕಟ್ಟಿದ ಬೆಲೆ ಅದು. 1900ರಲ್ಲಿ ಕಂಪನಿನ ನ್ಯೂ ಜೆರ್ಸಿಯಲ್ಲಿ ಕಾರ್ಪೊರೇಷನ್ ಅಂತ ರಿಜಿಸ್ಟರ್ ಮಾಡಿಸಿದಾಗ ಅಧಿಕೃತ ಬಂಡವಾಳ ಅಂತ ತೋರಿಸಿದ್ದು 20 ಲಕ್ಷ ಡಾಲರ್. ಆ ಅಂಕಿ ಕಾಗದದ ಮೇಲಿಂದು ಅನ್ನೋದು ಗೊತ್ತು, ಎರಡನ್ನ ಪಕ್ಕಪಕ್ಕ ಇಟ್ಟು ನೇರ ಹೋಲಿಸೋದು ಸರಿಯಲ್ಲ, ಆದ್ರೂ ಕಣ್ಣು ಅಲ್ಲಿಗೇ ಹೋಗುತ್ತೆ.

ಮೋಸ ಅನ್ನಬಹುದಾ? ಕಾನೂನು ಪ್ರಕಾರ ಇಲ್ಲ, ಸಹಿ ಇಬ್ಬರದ್ದೂ ಇತ್ತು. ಎರ್ಹಾರ್ಟ್ ಮಗ ವಿಲಿಯಂ ಕಂಪನೀಲೇ ಮುಂದುವರಿದ, ವೈಸ್ ಪ್ರೆಸಿಡೆಂಟ್ ಕೂಡ ಆದ, ಸಂಬಂಧ ಪೂರ್ತಿ ಹರ್ಕೊಂಡಿರಲಿಲ್ಲ ಅನ್ನೋಕೆ ಅದೇ ಸಾಕ್ಷಿ. ಆದ್ರೆ ನಾನಾಗಿದ್ರೆ ಭಾವನ ಮಗನ ಮುಖ ದಿನಾ ಆಫೀಸಲ್ಲಿ ನೋಡೋಕೆ ಸ್ವಲ್ಪ ಮುಜುಗರ ಪಡ್ತಿದ್ದೆ. ಕಹಿಗೆ ಬಾದಾಮಿ ರುಚಿ ಕೊಟ್ಟ ಕೈ ಎರ್ಹಾರ್ಟ್‌ದು, ಬೋರ್ಡ್ ಮೇಲೆ ಅವನ ಹೆಸರು ಮೊದಲಿಂದ್ಲೂ ಇರಲಿಲ್ಲ, ಆಮೇಲಂತೂ ಪಾಲೂ ಇರಲಿಲ್ಲ. ವ್ಯಾಪಾರ ಶುರು ಮಾಡೋ ಅಣ್ತಮ್ಮಂದಿರು, ಭಾವ ಭಾವಮೈದುನರು ಈ ಒಂದು ಸಾಲನ್ನ ವಕೀಲರ ಹತ್ರ ಎರಡು ಸಲ ಓದಿಸ್ಕೊಳ್ಳಿ.

ಇಷ್ಟು ಹೊತ್ತಿಗೆ ಫೈಜರ್ ಬ್ರೂಕ್ಲಿನ್‌ನ ಕ್ಲಿಂಟನ್ ಹಿಲ್ ಏರಿಯಾದ ವಾಷಿಂಗ್ಟನ್ ಅವೆನ್ಯೂನಲ್ಲಿ ವಾಸ. ಎಣ್ಣೆ ದೊರೆ ಚಾರ್ಲ್ಸ್ ಪ್ರಾಟ್ ಅಲ್ಲೇ ಹತ್ತಿರ ಮನೆ ಕಟ್ಟಿಸಿದ ಮೇಲೆ ಶ್ರೀಮಂತರ ಬಡಾವಣೆ ಅಂತ ಹೆಸರಾಗಿತ್ತು. ಅದು ವರ್ಷದ ಮನೆ, ಲಿಂಡ್‌ಗೇಟ್ ಬೇಸಿಗೆ ಮನೆ. ಗಮನಿಸ್ಬೇಕಾದ್ದು ಏನಂದ್ರೆ ನ್ಯೂಪೋರ್ಟಿನ ದೊಡ್ಡ ದೊಡ್ಡ ಕಥೆಗಳಲ್ಲಿ, ವ್ಯಾಂಡರ್‌ಬಿಲ್ಟ್ ಆಸ್ಟರ್ ಅಂತ ಬರೋ ಪಾರ್ಟಿ ಪುರಾಣಗಳಲ್ಲಿ ಈತನ ಹೆಸರು ಹುಡುಕಿದ್ರೂ ಕಷ್ಟ. ಆ ಊರಲ್ಲಿ ದುಡ್ಡಿಗೂ ಜಾತಿ ಇತ್ತು, ಹಳೇ ದುಡ್ಡು ಹೊಸ ದುಡ್ಡು ಅಂತ, ಶ್ರೀಮಂತ ಸಮಾಜದ ಯಜಮಾನಿ ಅನ್ನಿಸ್ಕೊಂಡಿದ್ದ ಮಿಸೆಸ್ ಆಸ್ಟರ್ ಲಿಸ್ಟಲ್ಲಿ ಜಾಗ ಇರೋದು ನಾನೂರು ಜನಕ್ಕೆ ಮಾತ್ರ ಅಂತ. ಜರ್ಮನ್ ಉಚ್ಚಾರಣೆಯ ಮುದುಕ, ಹುಳಿ ಫ್ಯಾಕ್ಟರಿ ಓನರ್, ಅವನು ಅಲ್ಲಿ ಬಾಲ್‌ರೂಮ್ ಡಾನ್ಸ್‌ಗಿಂತ ಗಾಳಿಗೇ ಹೋಗಿದ್ದ ಅಂತ ನಾನು ಅನ್ಕೊಂಡಿದ್ದೀನಿ.

1900ರಲ್ಲಿ ಹೊಸ ಕಾರ್ಪೊರೇಷನ್ನಿಗೆ ಮಗ ಚಾರ್ಲ್ಸ್ ಜೂನಿಯರ್ ಪ್ರೆಸಿಡೆಂಟ್ ಆದ, ಆಮೇಲೆ ಕಿರಿಯವನು ಎಮಿಲ್. 1906ರಲ್ಲಿ ಅಪ್ಪನಿಗೆ 82 ವರ್ಷ. ಮೆಟ್ಟಿಲಿಂದ ಬಿದ್ದ. ಕೈ ಮುರೀತು, ಮೈಗೂ ಪೆಟ್ಟು. ಕೆಲವು ವಾರ ಹಾಸಿಗೆ ಹಿಡಿದು ಮತ್ತೆ ಏಳಲೇ ಇಲ್ಲ, ಅಕ್ಟೋಬರ್ 19ಕ್ಕೆ ಲಿಂಡ್‌ಗೇಟಲ್ಲೇ ಹೋದ. ತಾರೀಕು ಒಂಚೂರು ಯೋಚಿಸಿ. ಅಕ್ಟೋಬರ್ ಅಂದ್ರೆ ನ್ಯೂಪೋರ್ಟಲ್ಲಿ ಸೀಸನ್ ಮುಗಿದು ಎಷ್ಟೋ ದಿನ ಆಗಿರುತ್ತೆ, ಕಾಟೇಜ್‌ಗಳ ಸೋಫಾಗಳಿಗೆಲ್ಲ ಬಿಳಿ ಬಟ್ಟೆ ಹೊದಿಸಿ, ಕಿಟಕಿ ಮುಚ್ಚಿ, ಆಳುಗಳೂ ಊರಿಗೆ ವಾಪಸ್. ಬೇಸಿಗೆಗೆ ಅಂತ ಮಾಡಿದ ಮನೇಲಿ ಚಳಿಗಾಳಿ ಶುರುವಾದ ಮೇಲೂ ಉಳಿದಿದ್ದು, ಆ ವಯಸ್ಸಲ್ಲಿ ಮುರಿದ ಕೈ ಇಟ್ಕೊಂಡು ರಾತ್ರಿ ಸ್ಟೀಮರ್ ಹತ್ತಿಸೋ ಹಾಗಿರಲಿಲ್ಲ ಅನ್ನೋದಕ್ಕೇ ಇರಬೇಕು. ಮಣ್ಣು ಮಾಡಿದ್ದು ಬ್ರೂಕ್ಲಿನ್‌ನ ಗ್ರೀನ್‌ವುಡ್ ಸ್ಮಶಾನದಲ್ಲಿ.

ನ್ಯೂಪೋರ್ಟ್ ಕಾಟೇಜ್‌ಗಳ ವೈಭವ ಕೂಡ ಬಹಳ ದಿನ ಬಾಳಲಿಲ್ಲ. 1913ರಲ್ಲಿ ಇನ್‌ಕಮ್ ಟ್ಯಾಕ್ಸ್ ಬಂತು, ಆಮೇಲೆ ಮೊದಲನೇ ಮಹಾಯುದ್ಧ, ಆಮೇಲೆ ದೊಡ್ಡ ಆರ್ಥಿಕ ಕುಸಿತ, ನಲವತ್ತು ಆಳುಗಳ ಸಂಬಳ ಕೊಟ್ಟು ಆರು ವಾರಕ್ಕೆ ಮನೆ ಇಡೋರು ಯಾರು. ಕೋಟಿ ಕೋಟಿ ಸುರಿದು ಕಟ್ಟಿದ ಬ್ರೇಕರ್ಸ್‌ನ 1972ರಲ್ಲಿ ಊರಿನ ಪರಂಪರೆ ಉಳಿಸೋ ಸೊಸೈಟಿಯವರು ಕೊಂಡಿದ್ದು 3,65,000 ಡಾಲರಿಗೆ, ಈಗ ಟಿಕೆಟ್ ತಗೊಂಡು ಒಳಗೆ ಹೋಗಿ ಆ ಉಪ್ಪು ನೀರಿನ ನಲ್ಲಿ ನೋಡ್ಕೊಂಡು ಬರಬಹುದು.

ಹುಳಿ ಮಾತ್ರ ನಿಲ್ಲಲಿಲ್ಲ. ಇಟಲಿಯ ನಿಂಬೆಹಣ್ಣನ್ನೇ ನಂಬ್ಕೊಂಡು ಕೂರೋ ಹಾಗಿಲ್ಲ ಅಂತ ಜೇಮ್ಸ್ ಕರಿ ಅನ್ನೋ ವಿಜ್ಞಾನಿ ಫೈಜರ್‌ಗೆ ಸೇರಿ ಕರೀ ಬೂಷ್ಟಿನಿಂದ ಸಕ್ಕರೆನ ಸಿಟ್ರಿಕ್ ಆಸಿಡ್ ಮಾಡೋ ವಿಧಾನ ಪಳಗಿಸಿದ, 1919ಕ್ಕೆ ಫ್ಯಾಕ್ಟರಿ ಮಟ್ಟಕ್ಕೆ ಬಂತು. ಬೂಷ್ಟು ಸಾಕೋದು ಹೀಗೆ ಕೈವಶ ಆಗಿದ್ದರಿಂದ ಎರಡನೇ ಮಹಾಯುದ್ಧದಲ್ಲಿ ಪೆನ್ಸಿಲಿನ್ ಬೇಕು ಅಂದಾಗ ಇವರ ಹತ್ರ ಅನುಭವ ರೆಡಿ ಇತ್ತು. 1944ರ ಮಾರ್ಚಲ್ಲಿ ಬ್ರೂಕ್ಲಿನ್‌ನ ಒಂದು ಹಳೇ ಐಸ್ ಫ್ಯಾಕ್ಟರೀಲಿ ತಲಾ 7,500 ಗ್ಯಾಲನ್ನಿನ 14 ಟ್ಯಾಂಕ್ ಇಟ್ಟು ಪೆನ್ಸಿಲಿನ್ ತೆಗೆದ್ರು. ಮುದುಕಪ್ಪ ಸಾಲ ತಂದು ಕೆಲಸ ಶುರು ಮಾಡಿದ್ದ ಅದೇ ಏರಿಯಾದ ಪ್ಲಾಂಟಲ್ಲಿ 2008ರವರೆಗೂ ಮೆಷಿನ್ ಓಡ್ತಾ ಇತ್ತು.